ಠ

ಇಳಿತದ ಹೊತ್ತು ನೋಡಿ ಶಾಲೆ ಇಡಬೇಕೆಂದು
ಮೊದಲ ವಾರ ನನಗೆ ಗೊತ್ತಿರಲಿಲ್ಲ.
ಮೂರಕ್ಕೆ ಬನ್ನಿ ಎಂದೆ. ಮೂರಕ್ಕೆ ಅಘನಾಶಿನಿ
ಮೊಣಕಾಲಿಗಿಳಿದಿತ್ತು.
ತದಡಿಯ ಹೆಂಗಸರೆಲ್ಲ ಬುಟ್ಟಿ ತೇಲಿಬಿಟ್ಟುಕೊಂಡು
ಕಾಲ್ಬೆರಳಲ್ಲಿ ಬಳಚು ಹುಡುಕುತ್ತಿದ್ದರು.
ಖಾಲಿ ಚಾಪೆಗೆ ನಾನೊಬ್ಬಳೇ ಅ ಆ ಹೇಳಿ ಬಂದೆ.

ಆಮೇಲೆ ನಾನು ತಿಥಿ ಎಣಿಸುವುದು ಕಲಿತೆ.
ಬೀರಮ್ಮ ಹರಿಕಂತ್ರ ಬೆರಳು ಮಡಚಿ ಹೇಳುತ್ತಿದ್ದಳು:
"ನಾಳೆ ಮುಕ್ಕಾಲು ತಾಸು ತಡ ಅಕ್ಕೋರೆ,
ನೀರೂ, ನಾವೂ."

ಟ ಮುಗಿಯಿತು. ಠ ಬಂತು.
"ಇದು ಅಷ್ಟೇನೂ ಬೇಕಾಗುವುದಿಲ್ಲ, ಮುಂದೆ ಹೋಗೋಣ" ಎಂದೆ.
ಎಲ್ಲರೂ ಡ ಗೆ ಹೋದರು.
ಬೀರಮ್ಮ ಹೋಗಲಿಲ್ಲ.
ಪಾಟಿಯ ಮೇಲೆ ಅದನ್ನೇ ತಿದ್ದುತ್ತ ಕೂತಳು,
ಉಪ್ಪು ತಿಂದ ಬೆರಳಿಗೆ ಬಳಪ ನಿಲ್ಲದೆ.
"ಮೀನ ಕಣ್ಣು ಇದು. ತಾಜಾ ಮೀನು,
ಬೊಟ್ಟು ಇನ್ನೂ ಮಸುಕಾಗಲಿಲ್ಲ ನೋಡಿ.
ಆದರೆ ಮೀನಿಗೆಲ್ಲಿಯ ಹುಬ್ಬು?"
"ತೂಕ ಹಾಕುವಾಗ ನಿನಗೆ ಏರ್ತದಲ್ಲ ಅತ್ತೆ,
ಆ ಹುಬ್ಬು" ಎಂದಳು ನಾಗವೇಣಿ.

ಮರುದಿನ ಬಿಸ್ಕಿಟಿನ ಡಬ್ಬಿ ತಂದಳು.
ಒಳಗೆ ಹನ್ನೊಂದು ವರ್ಷದ ಚೀಟಿಗಳು,
ಒಣ ಶೆಟ್ಲಿಯ ವಾಸನೆ,
ಪ್ರತಿಯೊಂದರ ಬುಡದಲ್ಲೂ ಅವಳ ನೀಲಿ ಹೆಬ್ಬೆಟ್ಟು.
ಕೂಗುವಾಗ ಒಂಬತ್ತು ಕಿಲೋ, ಬರೆಯುವಾಗ ಆರು.
"ಚೀಟಿ ತಲೆಕೆಳಗೆ ಹಿಡಿದರೆ ಸರಿಯೇ ಇದೆ,
ಸಾವ್ಕಾರ್ರ ತಪ್ಪಲ್ಲ, ನಾನು ಹಿಡಿದದ್ದೇ ತಪ್ಪು"
ಎಂದು ನಕ್ಕಳು.
ಆ ನಗುವಿಗೆ ಯಾರೂ ಜೊತೆ ಕೊಡಲಿಲ್ಲ.

ಬೇಕಾಗುವುದಿಲ್ಲ ಎಂದವಳು ನಾನು.
ಸಂಘ ಕಟ್ಟಿ ಬ್ಯಾಂಕಿಗೆ ಹೋದ ಮೊದಲ ದಿನವೇ
ಕಾಗದದ ತಲೆಯ ಮೇಲೆ ಅದು ಕಣ್ಣು ಬಿಟ್ಟು ಕೂತಿತ್ತು:
ಠೇವಣಿ.
ಬೀರಮ್ಮ ನನ್ನ ಕಡೆ ನೋಡಿದಳು.
ನಾನು ಫ್ಯಾನಿನ ಕಡೆ ನೋಡಿದೆ.

ಈಗ ಖೈರುನ್ನಿಸಾ ಮೇಣದಬತ್ತಿಯ ಉರಿಗೆ
ಶೆಟ್ಲಿಪುಡಿ ಪೊಟ್ಟಣದ ಬಾಯಿ ಹಿಡಿದು ಅಂಟಿಸುತ್ತಾಳೆ,
ನೂರಕ್ಕೆ ಏಳೆಂಟು ಸುಟ್ಟುಹೋಗುತ್ತವೆ,
ಅವು ನಮ್ಮ ಗಂಜಿಗೆ.
ಚೀಟಿಯ ಮೇಲೆ ತಯಾರಾದ ದಿನ, ತೂಕ,
ಕೆಡುವ ದಿನವನ್ನೂ ಬರೆಯಬೇಕು ಎಂದಾಗ
"ಕೆಡುವುದನ್ನು ನಾವೇ ಹೇಳಿಕೊಡುವುದೇ?" ಎಂದು
ಅರ್ಧ ದಿನ ಜಗಳವಾಯಿತು.

ವಾರಕ್ಕೆರಡು ಸಲ ರೇಡಿಯೊ.
ಬಿಸಿಯೂಟದ ಉಗ್ರಾಣದಲ್ಲಿ, ಅಕ್ಕಿಮೂಟೆಗಳ ನಡುವೆ;
ಅಕ್ಕಿ ಪ್ರತಿಧ್ವನಿಯನ್ನು ತಿನ್ನುತ್ತದೆ,
ಕಾಗೆಯನ್ನು ಮಾತ್ರ ಏನೂ ಮಾಡಲಾಗಲಿಲ್ಲ.
ನಾಗವೇಣಿ ಬೆರಳೆತ್ತುತ್ತಾಳೆ, ಬೀರಮ್ಮ ಓದುತ್ತಾಳೆ:
"ಇವತ್ತು ಇಳಿತ ನಾಕೂ ಹತ್ತಕ್ಕೆ.
ಕುಮಟೆ ಪೇಟೆಲಿ ಬಳಚು ನೂರಕ್ಕೆ ಅರವತ್ತು.
ದಂಡೆ ಮೇಲೆ ಕೊಂಬವರು ಮೂವತ್ತೈದು ಕೊಡ್ತಾರೆ.
ಲೆಕ್ಕ ನಿಮ್ಮದು."
ಕಾಗೆ ಒಮ್ಮೆ ಕೂಗುತ್ತದೆ. ಅದೂ ಪ್ರಸಾರವಾಗುತ್ತದೆ.

ದೋಣಿಯಲ್ಲಿ ಬಲೆ ಬಿಡಿಸುತ್ತಿದ್ದ ಅವಳ ಗಂಡ
"ಈ ದನಿ ಎಲ್ಲೋ ಕೇಳಿದ ಹಾಗಿದೆ" ಎಂದನಂತೆ.
ಮೂವತ್ತೆರಡು ವರ್ಷದ ಸಂಸಾರ.
ಅವಳು ಹೇಳಿದಳು: "ಹೌದು ಮತ್ತೆ,
ಇಷ್ಟು ಹೊತ್ತು ನಡುವೆ ಬಾಯಿ ಹಾಕದೆ
ಅವರು ಕೇಳಿದ್ದೇ ಮೊದಲು."

ನಿನ್ನೆ ಸಂಘದ ಪುಸ್ತಕ ತಿದ್ದಲು ಕೊಟ್ಟಳು.
ಠರಾವು ಒಂದು: ತಕ್ಕಡಿ ಸಂಘದ್ದೇ ಇರಬೇಕು.
ಠರಾವು ಎರಡು: ಓದದೆ ಯಾರೂ ಒತ್ತಬಾರದು.
ಎರಡು ಕಡೆಯೂ ಠ ದ ಹೊಟ್ಟೆಯಲ್ಲಿ
ಎರಡೆರಡು ಬೊಟ್ಟು.

"ಒಂದೇ ಇಡಬೇಕು ಬೀರಮ್ಮ."
"ತಟ್ಟೆ ಎರಡಿರ್ತವಲ್ಲ ಅಕ್ಕೋರೆ,
ಒಂದು ಕಣ್ಣು ಎಲ್ಲಿ ಸಾಕಾಗ್ತದೆ?"

ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದೆ.
ಹೊರಗೆ ಯಾರೋ ನೀರು ಇಳಿಯಿತೆಂದು ಕೂಗಿದರು,
ಚಾಪೆ ಖಾಲಿಯಾಯಿತು.
ಸ್ವಲ್ಪ ಹೊತ್ತು ಆ ಅಕ್ಷರ ನನ್ನನ್ನೇ ನೋಡಿತು.
ಮುಚ್ಚಳ ಹಾಕಿದೆ.